ಹೆಗಲ ನೋವೂ ನರತಡೆಯ ಸೂಜಿಮದ್ದೂ

ಹಾವೇರಿ ಜಿಲ್ಲೆಯ ಮೂರು ಊರುಗಳು ಮೂರು ಬಗೆಯ ಕೈಕೆಲಸಕ್ಕೆ ಹೆಸರಾಗಿವೆ. ಹಾವೇರಿಯಲ್ಲಿ ಏಲಕ್ಕಿಯ ಹಾರಗಳನ್ನು ಕಟ್ಟುತ್ತಾರೆ. ಕಾಯಿಗಳನ್ನು ಒಂದೊಂದಾಗಿ ಸೂಜಿದಾರಕ್ಕೆ ಪೋಣಿಸಿ, ನಡುನಡುವೆ ಬಣ್ಣದ ನೂಲನ್ನೂ ಮಣಿಗಳನ್ನೂ ಸೇರಿಸಿ ಸಿದ್ಧಪಡಿಸುವ ಈ ಹಾರಗಳು ನಾಡಿನ ಅನೇಕ ಗಣ್ಯರ ಕೊರಳನ್ನು ಅಲಂಕರಿಸಿವೆ. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಮಿಶ್ರತಳಿಯ ಬೀಜಗಳನ್ನು ಬೆಳೆಯುತ್ತಾರೆ. ಅರಳಲಿರುವ ಮೊಗ್ಗನ್ನು ಚಿಮುಟದಿಂದ ಬಿಡಿಸಿ, ಕೇಸರಗಳನ್ನು ಕಿತ್ತು, ಮರುದಿನ ಬೇರೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸೋಕಿಸುವ ಈ ಕೆಲಸಕ್ಕೆ ಕೂಲಿಕಾರರ ಬಾಯಲ್ಲಿ ‘ಕ್ರಾಸಿಂಗ್’ ಎಂದೇ ಹೆಸರು. ಬ್ಯಾಡಗಿಯಂತೂ ಮೆಣಸಿನಕಾಯಿಯ ಪೇಟೆ. ಸುಗ್ಗಿಯ ದಿನಗಳಲ್ಲಿ ಕೆಂಪು ರಾಶಿಗಳ ಮುಂದೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ, ಬಣ್ಣ ನೋಡಿ ಬೇರೆಬೇರೆಯಾಗಿ ಹಾಕುತ್ತಾರೆ.

ಈ ಮೂರು ಕೆಲಸಗಳಲ್ಲಿಯೂ ಕೈಗೆ ಬರುವ ವಸ್ತುವಿನ ತೂಕ ಒಂದೆರಡು ಗ್ರಾಂ ಮೀರುವುದಿಲ್ಲ. ಮೂಟೆ ಹೊರುವ ಹಮಾಲನ ಬೆನ್ನು ನೋಯುವುದು ಯಾರಿಗೂ ಸೋಜಿಗವಲ್ಲ. ಆದರೆ ಏಲಕ್ಕಿ ಪೋಣಿಸುವವನಿಗೂ ಮೊಗ್ಗು ಬಿಡಿಸುವವಳಿಗೂ ಕತ್ತಿನ ಬುಡದಿಂದ ಎರಡು ಹೆಗಲ ಹಲಗೆಗಳ ನಡುವಿನವರೆಗೆ ಹಿಡಿದುಕೊಳ್ಳುವ, ತಿಂಗಳುಗಟ್ಟಲೆ ಬಿಡದೆ ಕಾಡುವ ನೋವು ಬರುವುದೇಕೆ? ಪರೀಕ್ಷೆಯ ಕಾಲದಲ್ಲಿ ಪುಸ್ತಕದ ಮೇಲೆ ಬಾಗಿ ಕುಳಿತ ವಾಚಕರಿಗೂ ಈ ನೋವಿನ ಪರಿಚಯ ಸ್ವಲ್ಪಮಟ್ಟಿಗೆ ಇದ್ದೇ ಇರುತ್ತದೆ.

ಇದರ ಗುಟ್ಟು ಕೈಯಲ್ಲಿ ಹಿಡಿದ ವಸ್ತುವಿನಲ್ಲಿಲ್ಲ, ಕತ್ತಿನ ಮೇಲಿರುವ ತಲೆಯಲ್ಲಿದೆ. ದೊಡ್ಡವರ ತಲೆ ನಾಲ್ಕೂವರೆಯಿಂದ ಐದು ಕಿಲೊಗ್ರಾಂ ತೂಗುತ್ತದೆ. ನೆಟ್ಟಗೆ ಕುಳಿತಾಗ ಆ ಭಾರ ಬಹುಮಟ್ಟಿಗೆ ಬೆನ್ನುಮೂಳೆಯ ಮೇಲೆಯೇ ನಿಲ್ಲುತ್ತದೆ. ತಲೆಯನ್ನು ಬಾಗಿಸಿದೊಡನೆ ಭಾರದ ಕೇಂದ್ರವು ಕತ್ತಿನ ಕೀಲುಗಳಿಂದ ಮುಂದಕ್ಕೆ ಸರಿಯುತ್ತದೆ. ಸನ್ನೆಕೋಲಿನ ನಿಯಮವನ್ನು ಓದಿದವರಿಗೆ ಮುಂದಿನದು ತಾನಾಗಿ ಹೊಳೆಯುತ್ತದೆ. ಭಾರದ ತೋಳು ಉದ್ದವಾಯಿತು. ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳ ತೋಳಾದರೋ ಕೆಲವೇ ಸೆಂಟಿಮೀಟರುಗಳಷ್ಟು ಮೊಟಕು. ಆದುದರಿಂದ ಅವು ತಲೆಯ ತೂಕಕ್ಕಿಂತ ಹಲವು ಪಟ್ಟು ಹೆಚ್ಚಿನ ಬಲದಿಂದ ಎಳೆಯಬೇಕಾಗುತ್ತದೆ. ಅದರ ಮೇಲೆ, ತಲಾ ಮೂರು ಕಿಲೊಗ್ರಾಂನಷ್ಟು ತೂಗುವ ಎರಡು ಕೈಗಳೂ ಮುಂದಕ್ಕೆ ಚಾಚಿರುತ್ತವೆ. ಅವುಗಳನ್ನು ತೂಗಿ ಹಿಡಿಯುವ ಹೊಣೆಯೂ ಇದೇ ಸ್ನಾಯುಗಳದು: ಕತ್ತಿನಿಂದ ಹೆಗಲಿನವರೆಗೆ ಶಾಲಿನಂತೆ ಹರಡಿಕೊಂಡಿರುವ ಟ್ರಪೀಜಿಯಸ್, ಹೆಗಲ ಹಲಗೆಯನ್ನು ಮೇಲಕ್ಕೆತ್ತುವ ಲಿವೇಟರ್ ಸ್ಕ್ಯಾಪುಲೆ, ಹಲಗೆಯನ್ನು ಬೆನ್ನುಮೂಳೆಯ ಕಡೆಗೆ ಸೆಳೆಯುವ ರಾಂಬಾಯ್ಡ್.

ನಡೆಯುವಾಗ ಕಾಲಿನ ಸ್ನಾಯುಗಳು ಬಿಗಿಯುತ್ತವೆ, ಸಡಿಲುತ್ತವೆ. ಪ್ರತಿ ಸಡಿಲಿಕೆಯಲ್ಲಿಯೂ ಹೊಸ ರಕ್ತ ಒಳಹರಿಯುತ್ತದೆ. ಬಾಗಿ ಕುಳಿತವರ ಹೆಗಲ ಸ್ನಾಯುಗಳಿಗೆ ಈ ಬಿಡುವು ಇಲ್ಲ. ಬಿಗಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ಸ್ನಾಯು ಬಿಗಿಯುವುದಕ್ಕೆ ಶಕ್ತಿ ಬೇಕೆಂಬುದನ್ನು ಎಲ್ಲರೂ ಬಲ್ಲರು. ಸಡಿಲವಾಗುವುದಕ್ಕೂ ಶಕ್ತಿ ಬೇಕೆಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಒದಗಿದರೆ ಮಾತ್ರ ಸ್ನಾಯುವಿನ ಎಳೆಗಳು ಒಂದರ ಹಿಡಿತದಿಂದ ಇನ್ನೊಂದು ಬಿಡಿಸಿಕೊಳ್ಳುತ್ತವೆ. ಸತ್ತ ಪ್ರಾಣಿಯ ದೇಹ ಕೆಲವು ಗಂಟೆಗಳಲ್ಲಿ ಕಟ್ಟಿಗೆಯಂತೆ ಸೆಟೆದುಕೊಳ್ಳುವುದು ಈ ದ್ರವ್ಯ ಮುಗಿದುಹೋಗುವುದರಿಂದಲೇ. ಜೀವಂತ ಸ್ನಾಯುವಿನ ಒಂದು ಸಣ್ಣ ಭಾಗದಲ್ಲಿ ಇಂಥದೇ ಕೊರತೆಯುಂಟಾಗಿ ಅಲ್ಲಿನ ಎಳೆಗಳು ಬಿಗಿದುಕೊಂಡೇ ಉಳಿಯುತ್ತವೆ ಎಂಬುದು ಒಂದು ಊಹೆ. ಬೆರಳಿನಿಂದ ತಡವಿದರೆ ಅಲ್ಲಿ ಹಗ್ಗದಂತಹ ಬಿಗಿಪಟ್ಟಿಯೂ ಅದರ ಮೇಲೆ ಒಂದು ಗಂಟೂ ಸಿಕ್ಕುತ್ತದೆ. ‘ನರ ಹಿಡಿದಿದೆ’ ಎಂದು ನಮ್ಮ ಜನರು ಹೇಳುವುದು ಹೆಚ್ಚಾಗಿ ಇದನ್ನೇ. ನಮ್ಮ ಆಡುಮಾತಿನ ‘ನರ’ ಬಹಳ ಉದಾರವಾದ ಪದ. ರಕ್ತನಾಳ, ಸ್ನಾಯುಬಂಧ, ಜ್ಞಾನತಂತು ಎಲ್ಲವನ್ನೂ ಅದು ಒಳಗೊಳ್ಳುತ್ತದೆ. ಈ ಲೇಖನದಲ್ಲಿ ಅದನ್ನು ಜ್ಞಾನತಂತು, ಕ್ರಿಯಾತಂತುಗಳಿಗೆ ಮಾತ್ರ ಬಳಸಿದೆ.

ಈ ಗಂಟಿಗೆ ಇಂಗ್ಲಿಷಿನವರು ‘ಟ್ರಿಗರ್ ಪಾಯಿಂಟ್’ ಎಂದು ಹೆಸರಿಟ್ಟಿದ್ದಾರೆ. ಬಂದೂಕಿನ ಕುದುರೆಯನ್ನು ಇಲ್ಲಿ ಒತ್ತಿದರೆ ಗುಂಡು ಅಲ್ಲೆಲ್ಲೋ ದೂರದಲ್ಲಿ ತಾಗುವಂತೆ, ಗಂಟನ್ನು ಒತ್ತಿದಾಗ ನೋವು ಬೇರೊಂದು ಕಡೆ ಕಾಣಿಸಿಕೊಳ್ಳುವುದೇ ಆ ಹೆಸರಿಗೆ ಕಾರಣ. ಲಂಡನ್ನಿನ ಜೋನಸ್ ಕೆಲ್‌ಗ್ರೆನ್ ಎಂಬ ವೈದ್ಯನು ೧೯೩೮ರಲ್ಲಿ ಒಂದು ವಿಚಿತ್ರ ಪರೀಕ್ಷೆಯನ್ನು ಪ್ರಕಟಿಸಿದನು. ಆರೋಗ್ಯವಂತರ ಸ್ನಾಯುಗಳಿಗೆ ಗಾಢವಾದ ಉಪ್ಪುನೀರನ್ನು ಸ್ವಲ್ಪ ಸ್ವಲ್ಪ ಚುಚ್ಚಿ, ನೋವು ಎಲ್ಲಿ ತೋರುತ್ತದೆಂದು ಅವರನ್ನೇ ಕೇಳಿ ನಕ್ಷೆ ಬರೆದನು. ಚುಚ್ಚಿದ ಸ್ಥಳವೇ ಒಂದು, ನೋವಿನ ಸ್ಥಳವೇ ಮತ್ತೊಂದು! ಕತ್ತಿನ ಬದಿಯ ಸ್ನಾಯುವಿನ ತೊಂದರೆ ತಲೆನೋವಾಗಿ ಅಥವಾ ಹೆಗಲ ಹಲಗೆಯ ಅಂಚಿನ ನೋವಾಗಿ ತೋರಬಹುದು. ಹೀಗಿರುವಲ್ಲಿ ನೋಯುವ ಕಡೆಗೇ ಸೂಜಿ ಚುಚ್ಚಬೇಕೆಂದು ಹಟ ಹಿಡಿಯುವ ರೋಗಿಯೂ, ಆ ಹಟಕ್ಕೆ ಮಣಿಯುವ ವೈದ್ಯನೂ ಗುರಿ ತಪ್ಪುವುದು ಸಹಜ.

‘ಸೂಜಿ ಮಾಡಿಸಿಕೊಳ್ಳುವುದು’ ನಮ್ಮ ಭಾಗದಲ್ಲಿ ಹಳೆಯ ವಾಡಿಕೆ. ತೋಳಿಗೋ ಕುಂಡಿಗೋ ಹಾಕುವ ನೋವುಶಾಮಕ ಸೂಜಿಮದ್ದು ರಕ್ತದೊಡನೆ ಬೆರೆತು ಇಡೀ ದೇಹವನ್ನು ಸುತ್ತುತ್ತದೆ. ಹೆಗಲಿಗೆ ತಲುಪುವುದು ಅದರ ಒಂದು ಪಾಲು ಮಾತ್ರ. ನರತಡೆಯ ಸೂಜಿಮದ್ದಿನ ಕ್ರಮವೇ ಬೇರೆ. ಅಲ್ಲಿ ಔಷಧಿಯನ್ನು ನೋವಿನ ಸುದ್ದಿ ಸಾಗುವ ದಾರಿಯಲ್ಲಿಯೇ ಇಡುತ್ತಾರೆ. ಊರಿನ ಹಬ್ಬಕ್ಕೆ ಡಂಗುರ ಹೊಡೆಯುವುದಕ್ಕೂ, ಒಂದು ಮನೆಯ ಬಾಗಿಲಿಗೆ ಹೋಗಿ ಹೇಳುವುದಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಸುದ್ದಿ ಸಾಗುವ ಬಗೆಯನ್ನು ತಿಳಿಯದೆ ತಡೆಯ ಬಗೆ ತಿಳಿಯದು. ಸ್ನಾಯುವಿನಿಂದ ನೋವನ್ನು ಒಯ್ಯುವ ಎಳೆಗಳು ನರಗಳಲ್ಲೆಲ್ಲ ಅತಿ ತೆಳುವಾದವು. ಅವುಗಳಲ್ಲಿ ಮೇಲುಹೊದಿಕೆಯಿಲ್ಲದ ಎಳೆಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ನಾವು ನಿಧಾನವಾಗಿ ನಡೆಯುವ ವೇಗ ಅದು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ದಪ್ಪ ತಂತುಗಳಲ್ಲಿಯಾದರೋ ಅದೇ ವೇಗ ನೂರು ಮೀಟರಿನ ಆಸುಪಾಸಿನಲ್ಲಿರುತ್ತದೆ. ಎಳೆಯ ಪೊರೆಯ ಒಳಗೂ ಹೊರಗೂ ವಿದ್ಯುತ್ತಿನ ಒತ್ತಡದಲ್ಲಿ ಅಂತರವಿದೆ. ವಿಶ್ರಾಂತಿಯಲ್ಲಿ ಒಳಗಡೆ ಹೊರಗಿಗಿಂತ ಸುಮಾರು ೭೦ ಮಿಲಿವೋಲ್ಟ್ ಕಡಿಮೆ. ಎಳೆಯ ತುದಿ ಕೆರಳಿದಾಗ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ಗಳಿಗೆಯ ಮಟ್ಟಿಗೆ ತೆರೆದು, ಹೊರಗಿನ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಆ ಕಲಕು ಪಕ್ಕದ ಬಾಗಿಲುಗಳನ್ನು ತೆರೆಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳು ಒಂದರ ಮೇಲೊಂದು ಬೀಳುವ ಹಾಗೆ ಸುದ್ದಿ ಬೆನ್ನುಹುರಿಯತ್ತ ಸಾಗುತ್ತದೆ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪನೆಯ ನರತಂತುವನ್ನು ಪರೀಕ್ಷಿಸಿ, ಈ ವ್ಯಾಪಾರವನ್ನು ೧೯೫೨ರಲ್ಲಿ ಗಣಿತದ ಸಮೀಕರಣಗಳಲ್ಲಿ ವಿವರಿಸಿದರು. ೧೯೬೩ರ ನೊಬೆಲ್ ಬಹುಮಾನ ಅವರಿಗೆ ದೊರೆತದ್ದು ಈ ಕೆಲಸಕ್ಕೆ.

ಆ ಬಾಗಿಲುಗಳನ್ನು ಮುಚ್ಚುವ ವಸ್ತು ಮನುಷ್ಯರಿಗೆ ದೊರೆತದ್ದು ಬಾಗಿಲುಗಳಿರುವ ವಿಷಯ ತಿಳಿಯುವುದಕ್ಕೆ ಎಷ್ಟೋ ಮೊದಲು. ದಕ್ಷಿಣ ಅಮೆರಿಕದ ಬೆಟ್ಟಗಾಡಿನ ಜನ ಕೋಕಾ ಎಲೆಯನ್ನು ನಾವು ಎಲೆಯಡಕೆ ಜಗಿಯುವಂತೆ ಜಗಿಯುತ್ತಿದ್ದರು. ಅದರಿಂದ ತೆಗೆದ ಕೊಕೇನು ನಾಲಗೆಯನ್ನು ಜೋಮುಗೊಳಿಸುತ್ತದೆಂಬುದು ಜರ್ಮನಿಯ ರಸಾಯನಜ್ಞರಿಗೆ ತಿಳಿದಿದ್ದರೂ, ಅದನ್ನು ಚಿಕಿತ್ಸೆಗೆ ತಂದವನು ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್. ೧೮೮೪ರಲ್ಲಿ ಆತನು ಕೊಕೇನಿನ ಹನಿಗಳಿಂದ ಕಣ್ಣನ್ನು ಜೋಮುಗೊಳಿಸಿ ಶಸ್ತ್ರಚಿಕಿತ್ಸೆ ಸಾಧ್ಯವೆಂದು ತೋರಿಸಿದನು. ಸುದ್ದಿ ಹಡಗಿನ ವೇಗದಲ್ಲಿ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಔಷಧಿಯನ್ನು ಗಾಯದ ಮೇಲಲ್ಲ, ಅಲ್ಲಿಗೆ ಹೋಗುವ ನರದ ಪಕ್ಕದಲ್ಲಿಯೇ ಚುಚ್ಚಿ ನರತಡೆಯನ್ನು ಬಳಕೆಗೆ ತಂದನು. ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತ ಆತ ಕೊಕೇನಿನ ಚಟಕ್ಕೆ ಸಿಕ್ಕಿಬಿದ್ದದ್ದು ಈ ಚರಿತ್ರೆಯ ದುಃಖದ ಪುಟ. ಮುಂದೆ ಚಟ ಹಿಡಿಸದ ಬದಲಿಗಳು ಬಂದವು: ೧೯೦೫ರಲ್ಲಿ ಪ್ರೊಕೇನ್, ೧೯೪೩ರಲ್ಲಿ ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ತಯಾರಿಸಿದ ಲಿಡೊಕೇನ್, ೧೯೫೭ರಲ್ಲಿ ಬ್ಯುಪಿವಕೇನ್. ಹಲ್ಲು ಕೀಳಿಸಿಕೊಂಡ ವಾಚಕರ ದವಡೆಯನ್ನು ಜೋಮುಗೊಳಿಸಿದ್ದು ಬಹುಶಃ ಲಿಡೊಕೇನೇ ಆಗಿರಬೇಕು.

ಲಿಡೊಕೇನಿನ ಅಣು ಕೆಲಸಮಾಡುವ ರೀತಿ ಕಳ್ಳನೊಬ್ಬ ಮನೆಹೊಕ್ಕು ಒಳಗಿನಿಂದ ಅಗುಳಿ ಹಾಕಿಕೊಂಡಂತೆ. ನರದ ಪೊರೆ ಕೊಬ್ಬಿನದು. ವಿದ್ಯುದಂಶ ಹೊತ್ತ ಅಣುಗಳನ್ನು ಅದು ಒಳಬಿಡದು. ವಿದ್ಯುದಂಶವಿಲ್ಲದ ರೂಪದಲ್ಲಿ ಲಿಡೊಕೇನ್ ಪೊರೆಯನ್ನು ದಾಟುತ್ತದೆ. ಒಳಸೇರಿದ ಮೇಲೆ ಒಂದು ಪ್ರೋಟಾನನ್ನು ಪಡೆದು ವಿದ್ಯುದಂಶ ಹೊತ್ತ ರೂಪಕ್ಕೆ ತಿರುಗಿ, ಸೋಡಿಯಂ ಬಾಗಿಲಿಗೆ ಒಳಮಗ್ಗುಲಿಂದ ಅಡ್ಡ ಕೂರುತ್ತದೆ. ಕೀವು ತುಂಬಿದ ಜಾಗದಲ್ಲಿ ಈ ಮದ್ದು ಸರಿಯಾಗಿ ಹಿಡಿಯುವುದಿಲ್ಲವೆಂದು ದಂತವೈದ್ಯರು ಹೇಳುವುದನ್ನು ಕೇಳಿರಬಹುದು. ಕೀವಿನ ಸುತ್ತ ಆಮ್ಲತೆ ಹೆಚ್ಚು. ಅಣುಗಳು ಹೊರಗೇ ಪ್ರೋಟಾನನ್ನು ಪಡೆದುಬಿಡುತ್ತವೆ, ಆಮೇಲೆ ಪೊರೆ ದಾಟಲಾರವು. ರಸಾಯನಶಾಸ್ತ್ರದ ತರಗತಿಯಲ್ಲಿ ಕಲಿಯುವ ಆಮ್ಲ-ಪ್ರತ್ಯಾಮ್ಲಗಳ ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

ಬೆನ್ನಿನ ಮೇಲ್ಭಾಗದಲ್ಲಿ ಈ ತಡೆಯನ್ನು ಹಲವು ಕಡೆ ಹಾಕಬಹುದು. ಎಲ್ಲಕ್ಕಿಂತ ಸರಳವಾದದ್ದು ಗಂಟಿಗೇ ಚುಚ್ಚುವುದು. ವೈದ್ಯನು ಹೆಗಲಿನ ಸ್ನಾಯುವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಎತ್ತಿ ಹಿಡಿದು, ಸಣ್ಣ ಸೂಜಿಯನ್ನು ಗಂಟಿನೊಳಕ್ಕೆ ತೂರಿಸಿ, ಒಂದು ಮಿಲಿಲೀಟರಿನಷ್ಟು ಅಥವಾ ಅದಕ್ಕೂ ಕಡಿಮೆ ಮದ್ದನ್ನು ಬಿಡುತ್ತಾನೆ. ಸೂಜಿ ಸರಿಯಾದ ಜಾಗಕ್ಕೆ ತಾಗಿದಾಗ ಬಿಗಿಪಟ್ಟಿ ಮೀನಿನಂತೆ ಒಮ್ಮೆ ಹೊರಳುವುದುಂಟು. ಅಮೆರಿಕದ ಜಾನೆಟ್ ಟ್ರಾವೆಲ್ ಈ ವಿಧಾನವನ್ನು ಬಹಳವಾಗಿ ಬೆಳೆಸಿದಳು. ಜಾನ್ ಕೆನೆಡಿಯ ಬೆನ್ನುನೋವಿಗೆ ೧೯೫೫ರಿಂದ ಚಿಕಿತ್ಸೆ ಮಾಡಿದವಳು ಆಕೆಯೇ. ಆತ ಅಧ್ಯಕ್ಷನಾದ ಮೇಲೆ ೧೯೬೧ರಲ್ಲಿ ಶ್ವೇತಭವನದ ವೈದ್ಯೆಯಾಗಿ ನೇಮಕಗೊಂಡಳು. ಆ ಹುದ್ದೆಗೇರಿದ ಮೊದಲ ಹೆಂಗಸು ಈಕೆ.

ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ನರತಡೆಯಲ್ಲ, ಸ್ನಾಯುವಿಗೆ ಹಾಕಿದ ಸೂಜಿ. ನಿಜವಾದ ನರತಡೆಯಲ್ಲಿ ಒಂದು ಹೆಸರುಳ್ಳ ನರವನ್ನು ಗುರಿಯಿಡುತ್ತಾರೆ. ರಾಂಬಾಯ್ಡ್ ಸ್ನಾಯುವಿಗೆ ಹೋಗುವ ನರ ಕತ್ತಿನ ಐದನೆಯ ನರಮೂಲದಿಂದ ಹೊರಟು, ಕತ್ತಿನ ಬದಿಯ ಸ್ನಾಯುವೊಂದನ್ನು ಹಾದು ಹೆಗಲ ಹಲಗೆಯ ಒಳ ಅಂಚಿನ ಗುಂಟ ಇಳಿಯುತ್ತದೆ. ಅದು ಮುಖ್ಯವಾಗಿ ಕ್ರಿಯಾತಂತುವಾದರೂ ಸ್ನಾಯುವಿನಿಂದ ಹಿಂದಿರುಗುವ ನೋವಿನ ಎಳೆಗಳೂ ಅದರಲ್ಲಿ ಸೇರಿಕೊಂಡಿರುತ್ತವೆ. ಕತ್ತಿನ ಮೂಳೆಗಳ ಹಿಂಬದಿಯ ಸಣ್ಣ ಕೀಲುಗಳಿಂದ ನೋವು ಬರುತ್ತಿದ್ದರೆ ಆ ಕೀಲುಗಳ ನರದೆಳೆಗಳನ್ನು ತಡೆಯುವುದುಂಟು. ೨೦೧೬ರಲ್ಲಿ ಫೊರೆರೊ ಮತ್ತು ಸಂಗಡಿಗರು ವಿವರಿಸಿದ ಇನ್ನೊಂದು ವಿಧಾನದಲ್ಲಿ ಬೆನ್ನುಮೂಳೆಯ ಪಕ್ಕದ ಉದ್ದ ಸ್ನಾಯುವಿನ ಅಡಿಯಲ್ಲಿ ಔಷಧಿಯನ್ನು ಬಿಡುತ್ತಾರೆ. ಅದು ಮೇಲಕ್ಕೂ ಕೆಳಕ್ಕೂ ಹರಡಿ ಹಲವು ನರಗಳನ್ನು ಒಟ್ಟಿಗೆ ಮುಟ್ಟುತ್ತದೆ. ಇವೆಲ್ಲಕ್ಕೂ ಈಗ ಅಲ್ಟ್ರಾಸೌಂಡ್ ಅಥವಾ ಎಕ್ಸ್-ರೇ ಯಂತ್ರದ ನೆರವಿದೆ. ವೈದ್ಯನು ಸೂಜಿಯ ತುದಿಯನ್ನು ಪರದೆಯ ಮೇಲೆ ನೋಡುತ್ತಲೇ ಮುಂದೊತ್ತುತ್ತಾನೆ. ಇಂಥ ಸಲಕರಣೆಯೂ ಅರಿವಳಿಕೆ ತಜ್ಞರೂ ಇರುವುದು ದೊಡ್ಡ ಆಸ್ಪತ್ರೆಗಳಲ್ಲಿ. ಹಾವೇರಿಯವರಿಗೆ ಒಂದು ದಿಕ್ಕಿಗೆ ಹುಬ್ಬಳ್ಳಿ, ಇನ್ನೊಂದು ದಿಕ್ಕಿಗೆ ದಾವಣಗೆರೆ; ಎರಡೂ ವೈದ್ಯಕೀಯ ಕಾಲೇಜುಗಳುಳ್ಳ ಊರುಗಳು.

ಇಲ್ಲಿಗೆ ಒಂದು ಒಗಟು ಎದುರಾಗುತ್ತದೆ. ಲಿಡೊಕೇನಿನ ಪರಿಣಾಮ ಒಂದೆರಡು ಗಂಟೆ, ಬ್ಯುಪಿವಕೇನಿನದು ನಾಲ್ಕರಿಂದ ಎಂಟು ಗಂಟೆ. ಬಳಿಕ ಅಣುಗಳು ರಕ್ತದಲ್ಲಿ ಕೊಚ್ಚಿಹೋಗುತ್ತವೆ, ಬಾಗಿಲುಗಳು ಮತ್ತೆ ತೆರೆಯುತ್ತವೆ. ಆದರೂ ಕೆಲವರಿಗೆ ನೋವು ದಿನಗಟ್ಟಲೆ, ವಾರಗಟ್ಟಲೆ ತಗ್ಗಿರುತ್ತದೆ. ಏಕೆ? ಪ್ರೇಗಿನ ಕರೆಲ್ ಲೆವಿಟ್ ೧೯೭೯ರಲ್ಲಿ ಪ್ರಕಟಿಸಿದ ಲೇಖನವೊಂದು ಎಲ್ಲರನ್ನೂ ಚಕಿತಗೊಳಿಸಿತು. ಮದ್ದೇ ಇಲ್ಲದ ಬರಿಯ ಸೂಜಿಯನ್ನು ಗಂಟಿನ ನಟ್ಟನಡುವೆ ಚುಚ್ಚಿದರೂ ಅನೇಕರಿಗೆ ನೋವು ಶಮನವಾಗುತ್ತದೆಂದು ಅವನು ತೋರಿಸಿದನು. ಅಂದರೆ ಗಂಟಿನ ಸೂಜಿಯಲ್ಲಿ ಗುಣದ ಒಂದು ಭಾಗ ಔಷಧಿಯದಲ್ಲ, ಸೂಜಿಯದು. ಸೂಜಿ ಚುಚ್ಚಿಸಿಕೊಂಡೆನೆಂಬ ನಂಬಿಕೆಯ ಪಾಲೂ ಇದರಲ್ಲಿ ಸಣ್ಣದಲ್ಲ. ಇನ್ನೊಂದು ವಿವರಣೆ ಬೆನ್ನುಹುರಿಯದು. ಕ್ಲಿಫರ್ಡ್ ವೂಲ್ಫ್ ೧೯೮೩ರಲ್ಲಿ ತೋರಿಸಿದಂತೆ, ಎಡೆಬಿಡದೆ ನೋವಿನ ಸುದ್ದಿ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳೇ ಅತಿಸೂಕ್ಷ್ಮವಾಗುತ್ತವೆ. ಆಮೇಲೆ ಸಣ್ಣ ಸ್ಪರ್ಶವೂ ನೋವೆನಿಸುತ್ತದೆ. ಕೆಲವು ಗಂಟೆಗಳ ಮೌನ ಆ ಕೋಶಗಳನ್ನು ಸ್ವಲ್ಪ ತಣಿಸುತ್ತದೆಂದು ನಂಬಲು ಕಾರಣವುಂಟು.

ನನ್ನ ಅಭಿಪ್ರಾಯದಲ್ಲಿ ಈ ಚಿಕಿತ್ಸೆಯ ನಿಜವಾದ ಬೆಲೆ ಬೇರೆ ಎರಡು ಕಡೆ ಇದೆ. ಮೊದಲನೆಯದು, ಅದು ರೋಗದ ಮೂಲವನ್ನು ಪತ್ತೆಮಾಡುವ ಸಾಧನ. ಒಂದು ನರವನ್ನು ತಡೆದಾಗ ನೋವು ಮಾಯವಾದರೆ ಸುದ್ದಿ ಆ ದಾರಿಯಲ್ಲಿಯೇ ಬರುತ್ತಿತ್ತೆಂದು ಅರ್ಥ. ಆಗದಿದ್ದರೆ ಹುಡುಕಾಟ ಬೇರೆಡೆಗೆ ಹೊರಳಬೇಕು. ಕತ್ತಿನ ಕೀಲುಗಳ ವಿಷಯದಲ್ಲಿ ಎಚ್ಚರದ ವೈದ್ಯರು ಒಮ್ಮೆ ಲಿಡೊಕೇನ್, ಇನ್ನೊಮ್ಮೆ ಬ್ಯುಪಿವಕೇನ್ ಬಳಸಿ, ಯಾವುದು ಯಾವಾಗ ಎಂಬುದನ್ನು ರೋಗಿಗೆ ತಿಳಿಸದೆ, ಗಂಟೆಗಂಟೆಯ ನೋವನ್ನು ಕಾಗದದ ಮೇಲೆ ಗುರುತುಹಾಕಲು ಹೇಳುತ್ತಾರೆ. ಉಪಶಮನದ ಅವಧಿ ಮೊದಲನೆಯದರಲ್ಲಿ ಕಿರಿದಾಗಿ, ಎರಡನೆಯದರಲ್ಲಿ ದೀರ್ಘವಾಗಿ ಬಂದರೆ ರೋಗನಿರ್ಣಯಕ್ಕೆ ಬಲ ಬಂದಿತು. ಎರಡನೆಯದು, ತಡೆ ಇರುವ ಹೊತ್ತು ಕೆಲಸಕ್ಕೆ ಒದಗುವ ಬಿಡುವು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬ್ಯಾಡಗಿಯ ಹೆಸರೆತ್ತಿದ ಮೇಲೆ ಮೆಣಸಿನಕಾಯಿಯನ್ನು ಬಿಟ್ಟು ಮುಂದೆ ಹೋಗಲಾಗದು. ಖಾರದ ವಸ್ತುವಾದ ಕ್ಯಾಪ್ಸೈಸಿನ್ ನೋವಿನ ಎಳೆಗಳ ತುದಿಯಲ್ಲಿರುವ ಒಂದು ಬಾಗಿಲನ್ನು ತೆರೆಯುತ್ತದೆ. ಸುಮಾರು ೪೩ ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆಯುವ ಬಾಗಿಲೂ ಅದೇ. ಖಾರ ತಿಂದಾಗ ಬಾಯಿ ‘ಉರಿಯುವುದು’ ಆದುದರಿಂದ ಬರಿಯ ಅಲಂಕಾರದ ಮಾತಲ್ಲ. ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ೧೯೯೭ರಲ್ಲಿ ಈ ಬಾಗಿಲನ್ನು ಗುರುತಿಸಿದರು. ೨೦೨೧ರ ನೊಬೆಲ್ ಬಹುಮಾನದಲ್ಲಿ ಜೂಲಿಯಸ್ ಪಾಲುದಾರನಾದನು. ೨೦೦೭ರಲ್ಲಿ ವೂಲ್ಫ್ ಮತ್ತು ಬೀನ್ ಇವರ ತಂಡ ಇಲಿಗಳಲ್ಲಿ ಒಂದು ಚತುರ ಪ್ರಯೋಗ ನಡೆಸಿತು. ಸದಾ ವಿದ್ಯುದಂಶ ಹೊತ್ತಿರುವ, ಆದುದರಿಂದ ಪೊರೆ ದಾಟಲಾರದ ಲಿಡೊಕೇನಿನ ಸೋದರನೊಂದನ್ನು ಕ್ಯಾಪ್ಸೈಸಿನ್ ಜೊತೆ ಚುಚ್ಚಿದರು. ಖಾರದ ಬಾಗಿಲು ನೋವಿನ ಎಳೆಗಳಲ್ಲಿ ಮಾತ್ರ ಇರುವುದರಿಂದ ಔಷಧಿ ಆ ಎಳೆಗಳೊಳಕ್ಕೆ ಮಾತ್ರ ನುಸುಳಿತು. ನೋವು ಅಡಗಿತು, ಕಾಲಿನ ಚಲನೆ ಉಳಿಯಿತು. ಮಾಮೂಲು ನರತಡೆಯಲ್ಲಿ ನೋವಿನೊಡನೆ ಸ್ಪರ್ಶವೂ ಬಲವೂ ಕುಂದುವುದುಂಟು; ಆ ದೋಷವನ್ನು ಕಳೆಯುವ ಹಾದಿ ಇದು. ಮೆಣಸಿನಕಾಯಿಯ ಸತ್ವದ ಮುಲಾಮುಗಳೂ ನೋವಿಗೆ ಬಳಕೆಯಲ್ಲಿವೆ. ಮೊದಲು ಉರಿಸಿ, ಬಳಿಕ ಆ ತುದಿಗಳನ್ನು ಮಂಕುಗೊಳಿಸುವುದು ಅವುಗಳ ಕ್ರಮ. ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಯ ಹೆಚ್ಚಳ ಮಾತ್ರ ಖಾರದಲ್ಲಲ್ಲ, ಬಣ್ಣದಲ್ಲಿ. ಹಾಗೆಂದು ಅದನ್ನು ಅರೆದು ಹೆಗಲಿಗೆ ಹಚ್ಚಿಕೊಳ್ಳಲು ಯಾರೂ ಹೊರಡದಿರಲಿ.

ಅಪಾಯಗಳ ಮಾತನ್ನೂ ಆಡಬೇಕು. ಹೆಗಲಿನ ಕೆಳಗೆಯೇ ಶ್ವಾಸಕೋಶದ ತುದಿಯಿದೆ; ತೆಳ್ಳಗಿನವರಲ್ಲಿ ಚರ್ಮದಿಂದ ಅದರ ಪೊರೆಗೆ ಕೆಲವೇ ಸೆಂಟಿಮೀಟರ್. ಸೂಜಿ ಅಲ್ಲಿಗೆ ಹೊಕ್ಕರೆ ಗಾಳಿ ಸೋರಿ ಶ್ವಾಸಕೋಶ ಕುಗ್ಗಬಹುದು. ಚುಚ್ಚಿಸಿಕೊಂಡ ಬಳಿಕ ಎದೆನೋವು, ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಹಿಂದಿರುಗಬೇಕು. ಮದ್ದು ರಕ್ತನಾಳಕ್ಕೆ ನೇರವಾಗಿ ಸೇರಿದರೆ ತುಟಿ ಜೋಮುಹಿಡಿಯುತ್ತದೆ, ಕಿವಿ ಗುಂಯ್‌ಗುಡುತ್ತದೆ. ಪ್ರಮಾಣ ಹೆಚ್ಚಾದರೆ ಸೆಳವು, ಹೃದಯದ ತೊಂದರೆ. ಇದರ ಜೊತೆಗೆ ಸ್ಟೀರಾಯ್ಡ್ ಬೆರೆಸಿದರೆ ಮಧುಮೇಹಿಗಳ ರಕ್ತದ ಸಕ್ಕರೆ ಕೆಲವು ದಿನ ಏರುತ್ತದೆ. ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡ ಅಪಾಯವಾಗಿ ತೋರುವುದು ಬೇರೆ. ಬೆನ್ನಿನ ಮೇಲ್ಭಾಗದ ನೋವೆಲ್ಲವೂ ಸ್ನಾಯುವಿನದಲ್ಲ. ಹೃದಯದ ತೊಂದರೆ ಹೆಗಲ ನೋವಾಗಿ ಬರಬಹುದು. ಪಿತ್ತಕೋಶದ ಕಲ್ಲು ಬಲ ಹೆಗಲ ಹಲಗೆಯಲ್ಲಿ ನೋಯಿಸಬಹುದು. ಬೆನ್ನುಮೂಳೆಯ ಕ್ಷಯ ತಿಂಗಳುಗಟ್ಟಲೆ ಬರಿಯ ಬೆನ್ನುನೋವಾಗಿಯೇ ಅಡಗಿರಬಹುದು. ಜ್ವರ, ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು, ಕೈಕಾಲುಗಳಲ್ಲಿ ಬಲ ಕುಂದುವುದು, ಇವುಗಳಲ್ಲಿ ಒಂದಿದ್ದರೂ ಮೊದಲು ಕಾರಣ ಹುಡುಕಬೇಕು. ಕೂಲಿ ತಪ್ಪುತ್ತದೆಂದು ಪರೀಕ್ಷೆಗೆ ನಿಲ್ಲದೆ ಸೂಜಿ ಮಾತ್ರ ಮಾಡಿಸಿಕೊಂಡು ಮತ್ತೆ ಕೆಲಸಕ್ಕೆ ಹೋಗುವವರು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತಾಗುತ್ತದೆ.

ಈಗ ಆ ಬಿಡುವಿನ ವಿಷಯ. ಸೂಜಿಯ ಬಳಿಕ ನೋವು ತಗ್ಗಿರುವ ಹೊತ್ತಿನಲ್ಲಿ ಕತ್ತು ಹೆಗಲುಗಳನ್ನು ಮೆಲ್ಲಗೆ ಪೂರ್ತಿಯಾಗಿ ಆಡಿಸಬೇಕು. ಬಿಗಿದ ಸ್ನಾಯುವನ್ನು ಎಳೆದು ನೀಳವಾಗಿಸಬೇಕು. ಮುಂದಿನ ವಾರಗಳಲ್ಲಿ ಹೆಗಲ ಹಲಗೆಗಳನ್ನು ಹಿಂದಕ್ಕೆ ಸೆಳೆಯುವ ವ್ಯಾಯಾಮವನ್ನು ದಿನವೂ ಮಾಡಬೇಕು. ಮೊದಲು ನೋವಿನಿಂದ ಆಗದಿದ್ದ ಚಲನೆಗಳು ಆಗ ಸಾಧ್ಯವಾಗುತ್ತವೆ. ಜೊತೆಗೆ ಕೆಲಸದ ಎತ್ತರ ಬದಲಾಗಬೇಕು. ನೆಲದ ಮೇಲಿನ ಮೆಣಸಿನಕಾಯಿ ರಾಶಿಯಿಂದ ಒಂದು ಬುಟ್ಟಿಯಷ್ಟನ್ನು ಮೊಣಕಾಲೆತ್ತರದ ಮಣೆಯ ಮೇಲಿಟ್ಟುಕೊಂಡರೆ ತಲೆ ಬಾಗುವ ಕೋನ ಕಡಿಮೆಯಾಗುತ್ತದೆ. ಹಾರ ಕಟ್ಟುವವರು ಕೆಲಸವನ್ನು ಎದೆಯ ಮಟ್ಟಕ್ಕೆ ತಂದು, ಮೊಣಕೈಗಳಿಗೆ ಒಂದು ಆಸರೆ ಮಾಡಿಕೊಂಡರೆ ಆರು ಕಿಲೊಗ್ರಾಂ ಭಾರ ಹೆಗಲಿನಿಂದ ಇಳಿಯುತ್ತದೆ. ಕ್ರಾಸಿಂಗ್ ಮಾಡುವವರು ಗಿಡದ ಎತ್ತರವನ್ನು ಬದಲಿಸಲಾರರು. ಒಂದು ಸಾಲು ಮುಗಿದಾಗ ಇನ್ನೊಂದಕ್ಕೆ ಹೋಗುವ ಮುನ್ನ ಸೊಂಟಕ್ಕೆ ಕೈಯಿಟ್ಟು, ನೆಟ್ಟಗೆ ನಿಂತು, ಹೆಗಲುಗಳನ್ನು ಹತ್ತು ಸಲ ಹಿಂದಕ್ಕೆ ತಿರುವಬಹುದು. ಅಷ್ಟು ಹೊತ್ತಿನಲ್ಲಿ ಹಿಸುಕಿಹೋಗಿದ್ದ ರಕ್ತನಾಳಗಳು ಮತ್ತೆ ತುಂಬಿಕೊಳ್ಳುತ್ತವೆ.